ಒಂದು ಮನೆ ಜರುಗಿದ ಊರು

ಮಲಿಕಸಾಬರು ಮೊಬೈಲಿನಲ್ಲಿ ಊರು ಕಟ್ಟುತ್ತಿದ್ದಾರೆಂದು ಕೊಲ್ಹಾರದ ಮಂದಿ ಎರಡು ವರ್ಷ ನಕ್ಕರು. ಎಪ್ಪತ್ತಾರರ ಮುದುಕ ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತ, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಮನೆಗಳನ್ನೆಲ್ಲ ಬರೆದಿಡುತ್ತೇನೆಂದು ಕೂತರೆ ಮಂದಿ ನಗದೆ ಇನ್ನೇನು ಮಾಡಬೇಕು? ಕೌಸರಳೂ ಒಳಗೊಳಗೇ ನಕ್ಕವಳೇ.

ಕೌಸರಳದು ಹೊಸ ಊರಿನ ಬಸ್ ನಿಲ್ದಾಣದ ಎದುರು ಒಂದು ಆನ್‌ಲೈನ್ ಅಂಗಡಿ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಫೋಟೋ ಪ್ರಿಂಟು ಹಾಕುವುದು. ಇವುಗಳ ನಡುವೆ ವೆಬ್ ಪುಟ ಮಾಡುವುದನ್ನು ತಾನಾಗಿಯೇ ಕಲಿತಿದ್ದಳು. ಊರು ಬಿಟ್ಟಾಗ ಅವಳಿಗೆ ಎರಡು ವರ್ಷ. ಹಳೇ ಊರೆಂದರೆ ಅವಳ ಪಾಲಿಗೆ, ಸೇತುವೆಯ ಮೇಲೆ ಬಸ್ಸು ಹೋಗುವಾಗ ತಾಯಿ ಕೈಮಾಡಿ ತೋರಿಸುತ್ತಿದ್ದ ಬರೀ ನೀರು.

ಮಲಿಕಸಾಬರು ಆ ಊರಿನ ಪೋಸ್ಟ್‌ಮನ್ ಆಗಿದ್ದವರು. ಅವರು ಹೊಗದ ಅಂಗಳವಿಲ್ಲ, ಬೊಗಳಿಸಿಕೊಳ್ಳದ ನಾಯಿಯಿಲ್ಲ. ಒಂದು ದಿನ ಅಂಗಡಿಗೆ ಬಂದು ಫೋನನ್ನು ಟೇಬಲ್ಲಿನ ಮೇಲಿಟ್ಟು, "ಮುಗೀತ ಬೇಟಿ. ಇದನ್ನ ಎಲ್ಲಾರಿಗೂ ಕಾಣೂ ಹಂಗ ಮಾಡಿಕೊಡು" ಎಂದರು. ನಾಲ್ಕುನೂರ ಹನ್ನೆರಡು ಮನೆಗಳು. ಒಂದು ಸಾಲು ಮನೆಯವರ ಹೆಸರು, ಒಂದು ಸಾಲು ಕೊಂಚ ಒಳಕ್ಕೆ ಸರಿಸಿ ಬರೆದ ವಿವರ. ನಡುವೆ ಒಂದೂ ಖಾಲಿ ಸಾಲಿಲ್ಲ.

"ಮನಿ ಮನಿಗೆ ಜಾಗಾ ಬಿಟ್ಟಿಲ್ಲಲ್ರಿ ಕಾಕಾ?"

"ಓಣ್ಯಾಗ ಒಂದ ಗ್ವಾಡಿಗೆ ಎರಡ ಮನಿ ಇದ್ವು. ಜಾಗಾ ಎಲ್ಲಿಂದ ಬಿಡ್ಲಿ?" ಎಂದರು ಮಲಿಕಸಾಬರು.

ಕೌಸರಳಿಗೆ ಈ ಕೆಲಸ ನೀರು ಕುಡಿದಷ್ಟು ಸುಲಭ ಎನ್ನಿಸಿತು. ನಿಘಂಟಿನಲ್ಲಿ ಪದ, ಅದರ ಕೆಳಗೆ ಅರ್ಥ ಇರುತ್ತದಲ್ಲ, ಹಾಗೆ ಜೋಡಿಸಲು ವೆಬ್ ಪುಟದಲ್ಲಿ ಒಂದು ವ್ಯವಸ್ಥೆಯಿದೆ. ಡೆಫಿನಿಷನ್ ಲಿಸ್ಟ್ ಎನ್ನುತ್ತಾರೆ. ಅವಳ ಕಂಪ್ಯೂಟರಿನ ಪ್ರೋಗ್ರಾಮು ಟಿಪ್ಪಣಿಯನ್ನು ಓದಿ, ಅಂಚಿಗೆ ಹತ್ತಿದ ಸಾಲನ್ನು ದಪ್ಪಕ್ಷರದ ಹೆಸರು ಮಾಡಿ, ಅದರ ಕೆಳಗಿನ ಸರಿದ ಸಾಲನ್ನು ವಿವರ ಮಾಡಿ, ಪುಟವನ್ನು ತಾನೇ ಎಕ್ಸ್‌ಪೋರ್ಟ್ ಮಾಡುತ್ತಿತ್ತು. ಗುಂಡಿ ಒತ್ತಿದಳು, ಪುಟ ಬಂತು. ಮಲಿಕಸಾಬರು ಮೇಲಿನ ದೊಡ್ಡಕ್ಷರದ 'ಹಳೇ ಕೊಲ್ಹಾರ' ನೋಡಿದವರೇ ಕಣ್ಣು ಒರೆಸಿಕೊಂಡರು, ಮುಂದೆ ಓದಲಿಲ್ಲ. ಊರವರ ವಾಟ್ಸಾಪ್ ಗುಂಪಿಗೆ ಲಿಂಕು ಹೋಯಿತು.

ಸಂಜೆಯೊಳಗೆ ಊರು ಹೊತ್ತಿಕೊಂಡಿತು. ಮುಳವಾಡದಲ್ಲಿ ಮಗಳ ಮನೆಯಲ್ಲಿದ್ದ ಗುಂಡವ್ವ ಧ್ವನಿ ಸಂದೇಶ ಕಳಿಸಿದಳು: "ಏ ಮಲಿಕಸಾಬಾ, 'ಈ ಮನ್ಯಾಕಿ ಬಾಯಿ ಜೋರ, ಎರಡ ಹೆಜ್ಜಿ ದೂರ ನಿಂತ ಪತ್ರ ಕೊಡಬೇಕು' ಅಂತ ನನ್ನ ಹೆಸರಿನ ಕೆಳಗ ಬರದೀಯಲ್ಲ, ನಾ ಯಾವತ್ತರ ದನಿ ಎತ್ತೇನೇನ?" ಅದನ್ನು ಕೇಳಲು ಫೋನನ್ನೂ ಎರಡು ಹೆಜ್ಜೆ ದೂರ ಹಿಡಿಯಬೇಕಾಯಿತು. ಪೀರಬಿಯ ಮನೆಗೆ ಎಣ್ಣೆಯ ಗಾಣ ಬಂದಿತ್ತು. ಗಾಣದವರ ಅಂಗಳಕ್ಕೆ ಯಾರದೋ ಬಾವಿ ಬಂದಿತ್ತು. ಕೊನೆಗೆ ಬಾಗೇವಾಡಿಯಿಂದ ಸಿದ್ದರಾಯ ಮಾಸ್ತರರು ಬರೆದರು. ಅವರು ಮಲಿಕಸಾಬರ ಜೊತೆ ಒಂದೇ ಮಣೆಯ ಮೇಲೆ ಕೂತು ಕಲಿತವರು. 'ಮಲಿಕಗ ವಯಸ್ಸಾತು. ಮರವು ಬಂದೈತಿ. ಪಾಪ, ಇದನ್ನ ತಗದ ಹಾಕ್ರಿ.'

ಆ 'ಪಾಪ'ದ ನಂತರ ಗುಂಪಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮುಂಜಾನೆ ಮಲಿಕಸಾಬರು ಬಂದಾಗ ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಮುದುಕರಾದಂತೆ ಕಂಡರು. "ಅಳಿಸಿಬಿಡು ಬೇಟಿ," ಎಂದರು. "ನಮ್ಮ ಅಣ್ಣಗೂ ಹಿಂಗ ಸುರುವಾಗಿತ್ತು. ಮೊದಲ ಓಣಿ ಮರ್ತ, ಆಮ್ಯಾಲ ಮಕ್ಕಳ ಹೆಸರ ಮರ್ತ. ಕಡೀಕ ಕನ್ನಡ್ಯಾಗ ತನ್ನ ಮಾರಿ ನೋಡಿ, ಇಂವ ಯಾರಂತ ಕೇಳಿದ. ಪುಟದ ತಳಕ್ಕ ನೋಡು. ನನ್ನ ಹೆಸರಷ್ಟ ಐತಿ, ಮುಂದ ಏನೂ ಇಲ್ಲ. ನನ್ನ ಮನಿನ ನಾ ಮರ್ತೇನಿ."

ಒಳಗೊಳಗೇ ನಕ್ಕದ್ದಕ್ಕೆ ಕೌಸರಳಿಗೆ ಈಗ ನಾಚಿಕೆಯಾಯಿತು. "ಅಳಸ್ತೇನ್ರಿ ಕಾಕಾ. ಅದಕ್ಕಿಂತ ಮೊದ್ಲ ಪ್ಯಾಟಿ ಓಣಿ ಒಮ್ಮೆ ಬಾಯಿಲೇ ಹೇಳ್ರಿ" ಎಂದಳು. ಮರವು ಎಲ್ಲಿ ಶುರುವಾಗಿದೆಯೋ ನೋಡೋಣ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದುದು.

ಮಲಿಕಸಾಬರು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಕಾಲುಗಳು ಕೂತಲ್ಲೇ ಆಡತೊಡಗಿದವು, ನಡೆದವರಂತೆ.

"ಬಾಗಲಕ್ಕ ಎರಡ ಗಿಣಿ ಕೆತ್ಯಾರ, ಮೂರ ಪಾವಟಿಗಿ, ನಡುವಿಂದು ಒಡದೈತಿ. ಕಾಶಿಬಾಯೀ! ಬೇವಿನ ಗಿಡ, ಗಿಡದ ಬುಡಕ ಕುಂಟ ಎಮ್ಮಿ, ಹಾಯೂದಿಲ್ಲ. ಪೀರಬೀ! ಎಣ್ಣಿ ವಾಸನಿ ಬಂತು, ಗಾಣದ ಎತ್ತಿನ ಕಣ್ಣಿಗೆ ಕೆಂಪ ಬಟ್ಟಿ. ಗಾಣಿಗೇರ ಮಾಳಿಂಗರಾಯಾ!"

ಹೆಸರು ಬಂದಾಗಲೆಲ್ಲ ದನಿ ಏರುತ್ತಿತ್ತು, ಬಾಗಿಲಲ್ಲಿ ನಿಂತು ಪತ್ರಕ್ಕೆ ಕರೆಯುವ ಹಾಗೆ. ಹತ್ತು ಮನೆಯಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಎಲ್ಲೂ ತಡವರಿಸಲಿಲ್ಲ. ಪಹಣಿಗೆ ಬಂದವರು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತುಬಿಟ್ಟರು. ಕೌಸರಳ ಮೈ ಜುಮ್ಮೆಂದಿತು. ಅಬ್ಬಾ, ಒಬ್ಬ ಮನುಷ್ಯನ ತಲೆಯೊಳಗೆ ಇಷ್ಟು ಬಾಗಿಲು, ಇಷ್ಟು ಮೆಟ್ಟಿಲು, ಇಷ್ಟು ದನ ಹಿಡಿಸುತ್ತವೆಯೇ! ತಾನು ಹುಟ್ಟಿದ ಊರಿನಲ್ಲಿ ಅವಳು ಅಂದೇ ಮೊದಲ ಬಾರಿ ತಿರುಗಾಡಿದಳು.

ತಿರುಗಾಡುತ್ತಲೇ ಕಣ್ಣು ಪರದೆಯ ಮೇಲೆ ಹೋಯಿತು. ಮುದುಕ ಹೇಳಿದ ಪ್ರತಿಯೊಂದು ವಿವರವೂ ಅಲ್ಲಿತ್ತು. ಆದರೆ ಪ್ರತಿಯೊಂದೂ ಒಂದು ಮನೆ ಹಿಂದಿನ ಹೆಸರಿನ ಕೆಳಗಿತ್ತು.

"ಕಾಕಾ, ಹೆಸರ ಯಾಕ ಕಡೀಕ ಹೇಳ್ತೀರಿ?"

ಮಲಿಕಸಾಬರು ಕಣ್ಣು ತೆರೆದರು. "ಮತ್ತ? ಪತ್ರ ತಗೊಂಡ ಹೋದ್ರ ಮೊದ್ಲ ಬಾಗಲ ಕಾಣತೈತಿ. ಮನಿ ಗುರ್ತ ಹಿಡದ, ಆಮ್ಯಾಲ ಹೆಸರ ಕೂಗೂದು. ಬರ್ಯೂದೂ ಹಂಗ ಬರದೇನಿ."

ಕೌಸರ ಟಿಪ್ಪಣಿಯನ್ನು ಮೊದಲಿನಿಂದ ನೋಡಿದಳು. ಮೊಟ್ಟಮೊದಲ ಸಾಲು ಹೆಸರಲ್ಲ, ವಿವರ. ಪುಟದ ನೆತ್ತಿಯ ಮೇಲೆ ಯಾವ ಹೆಸರೂ ಇಲ್ಲದೆ ನಿಂತಿದ್ದ ಆ ಸಾಲನ್ನು ಈ ಪುಣ್ಯಾತ್ಗಿತ್ತಿ ಮುನ್ನುಡಿ ಎಂದುಕೊಂಡಿದ್ದಳು! ಮುದುಕರು ಮನೆ ಹೇಳಿ ಹೆಸರು ಕೂಗಿದ್ದರು. ಪ್ರೋಗ್ರಾಮು ಹೆಸರು ಹಿಡಿದು ಅದರ ಕೆಳಗಿನ ಮನೆಯನ್ನು ಅಂಟಿಸಿತ್ತು. ನಡುವೆ ಖಾಲಿ ಸಾಲಿದ್ದರೆ ಅವಳಿಗಾದರೂ ತಿಳಿಯುತ್ತಿತ್ತು. ಇಡೀ ಊರು ಒಂದೊಂದು ಮನೆ ಜರುಗಿ, ಎಲ್ಲರೂ ನೆರೆಮನೆಯಲ್ಲಿ ಕೂತಿದ್ದರು. ಕೊನೆಯ ಹೆಸರಿಗೆ ಏನೂ ಉಳಿದಿರಲಿಲ್ಲ.

"ತಪ್ಪ ನಿಮ್ಮ ತಲಿದಲ್ರಿ ಕಾಕಾ," ಎಂದಳು. ಅಳು ಬಂದುಬಿಟ್ಟಿತು. "ನಂದು. ನನಗ ಗೊತ್ತಿದ್ದಂಗ ಮಾಡಿಬಿಟ್ಟೆ, ನಿಮ್ಮನ್ನ ಕೇಳಲಿಲ್ಲ."

ಪ್ರತಿ ವಿವರವನ್ನೂ ಮುಂದಿನ ಹೆಸರಿಗೆ ಒಪ್ಪಿಸುವಂತೆ ಕಂಪ್ಯೂಟರಿಗೆ ನಾಲ್ಕು ಸಾಲಿನ ಅಪ್ಪಣೆ ಬರೆದಳು. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಒತ್ತಿದಾಗ, ನಾಲ್ಕುನೂರ ಹನ್ನೆರಡು ಮನೆಗಳು ಎದ್ದು ಒಂದೇ ಗಳಿಗೆಯಲ್ಲಿ ತಂತಮ್ಮ ಜಾಗಕ್ಕೆ ಹೋಗಿ ನಿಂತವು. ಬಾಯಿ ಜೋರಿನ ಸಾಲು ಗುಂಡವ್ವನನ್ನು ಬಿಟ್ಟು ಪಕ್ಕದ ಶಮ್ಶುನ್ನೀಸಾಳಿಗೆ ಸೇರಿತು. ತಳದಲ್ಲಿ ಮಲಿಕಸಾಬರ ಹೆಸರಿನ ಕೆಳಗೂ ಒಂದು ಸಾಲು ಮೂಡಿತು: 'ಈ ಮನೆಗೆ ಬಂದದ್ದು ಒಂದೇ ಪತ್ರ. ಖಾಲಿ ಮಾಡಬೇಕೆಂಬ ನೋಟೀಸು. ನಾನೇ ಹೊತ್ತು ತಂದೆ, ನಾನೇ ಸಹಿ ಮಾಡಿ ತೆಗೆದುಕೊಂಡೆ.'

ಮಲಿಕಸಾಬರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. "ಖರೇ ಐತಿ," ಎಂದರು. "ನಾನ ಬರದದ್ದು." ಹೇಳಿ ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಅತ್ತರು.

ಹೊಸ ಲಿಂಕು ಹೋಗಿ ಅರ್ಧ ತಾಸಿಗೆ ಫೋನು ಬಂತು, ಸಿದ್ದರಾಯ ಮಾಸ್ತರರದು. ಕೌಸರ ಸ್ಪೀಕರ್ ಹಾಕಿ ಟೇಬಲ್ಲಿನ ಮೇಲಿಟ್ಟಳು. ಕ್ಷಮೆ ಕೇಳುವುದನ್ನು ನಾಲ್ಕು ಜನ ಕೇಳಲಿ ಎಂಬ ಸಿಟ್ಟು ಅವಳಿಗಿತ್ತು.

"ಮಲಿಕಾ, ಎಲ್ಲಾ ಸರಿ ಐತೋ," ಎಂದಿತು ದನಿ. ಆಮೇಲೆ ದನಿ ತಗ್ಗಿತು. "ನಮ್ಮ ಮನ್ಯಾಗ ಅವ್ವ ಕುಂದರೂ ಕಟ್ಟಿ ಇತ್ತಂತ ಬರದಿ. ಅದು ಒಳಗ ಹೊಕ್ಕರ ಎಡಕ್ಕಿತ್ತೋ, ಬಲಕ್ಕಿತ್ತೋ? ಓದಿದಾಗಿಂದ ನೆನಪ ಮಾಡ್ಕೊಳ್ಳಾಕತ್ತೇನಿ. ಅವ್ವನ ಮಾರೀನೂ ಬರವಲ್ದು. ಮನ್ಯಾಗ ಯಾರಿಗೂ ಹೇಳಿಲ್ಲ."

ಮಲಿಕಸಾಬರು ಕೈಚಾಚಿ ಸ್ಪೀಕರ್ ಬಂದ್ ಮಾಡಿದರು. ಫೋನನ್ನು ಕಿವಿಗೆ ಒತ್ತಿಕೊಂಡು, ಅಂಗಡಿಯ ಮಂದಿಗೆ ಬೆನ್ನು ತಿರುಗಿಸಿದರು.

"ಬಲಕ್ಕೋ ಸಿದ್ದಾ. ಅಲ್ಲೇ ನಿಂದರು, ಅವಸರ ಮಾಡಬ್ಯಾಡ. ಊರ ಅಗಸಿ ಬಾಗಲದಿಂದ ಇಬ್ಬರೂ ಕೂಡಿ ನಡಕೋತ ಹೋಗೂನು. ನಾ ಮುಂದ ಇರ್ತೇನಿ."