ಔಟ್‌ವೇ ಮತ್ತು ರೊಟ್ಟಿಯ ಸಪ್ಪಳ

ಮನೆಯೊಳಗೆ ಹೆಂಗಸು ಇದ್ದಾಳೋ ಇಲ್ಲವೋ ಎಂಬುದನ್ನು ಹುಬ್ಬಳ್ಳಿಯವರು ಕಿವಿಯಲ್ಲೇ ಪತ್ತೆ ಹಚ್ಚುತ್ತಾರೆ. ಮೈಸೂರಿನ ನನಗೆ ಇದು ತಿಳಿಯುವಷ್ಟರಲ್ಲಿ, ಸುಳ್ಳು ಹೇಳಿ ಒಂಬತ್ತು ದಿನ ಕಳೆದಿತ್ತು.

ರಾಜ್ಯ ಒಂದಾದ ಮೂರನೇ ವರ್ಷ ಗುಮಾಸ್ತನಾಗಿ ವರ್ಗವಾಗಿ ಬಂದೆ. ಒಂಟಿ ಗಂಡಸಿಗೆ ಯಾರೂ ಮನೆ ಕೊಡರು. ಬಾಣಂತನ ಮುಗಿಸಿ ಹೆಂಡತಿ ಕೂಸಿನೊಂದಿಗೆ ಬರಲು ತಿಂಗಳು ಬಾಕಿ, ಅಷ್ಟರೊಳಗೆ ಸೂರಾಗಬೇಕು. ಗೋಪನಕೊಪ್ಪದಲ್ಲಿ ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರ ಹಿತ್ತಲಮನೆ ಖಾಲಿಯಿತ್ತು. ಆದರೆ ಬಾಡಿಗೆಗೆ ಬರುವವರು ಅವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕು! ನಾನು ಬಿಡುವವನೇ? ಹೆಂಡತಿ ಜೊತೆಗೇ ಇದ್ದಾಳೆಂದು ಬರೆದು, ನಮ್ಮ ಸದ್ಗುಣಗಳು ‘ಔಟ್‌ವೇ’ ಮಾಡುತ್ತವೆ ಎಂದು ಮುಗಿಸಿದೆ. ಇಡೀ ಕಚೇರಿಯಲ್ಲಿ ಆ ಕ್ರಿಯಾಪದ ಬಲ್ಲವನು ನಾನೊಬ್ಬನೇ.

ಮಾಸ್ತರರು ಕನ್ನಡಕ ಏರಿಸಿದರು.

“ತಮ್ಮಾ, ಔಟ್‌ವೇ ಅಂದ್ರ ಒಂದರ ಮಹತ್ವ ಇನ್ನೊಂದರಕಿಂತ ಭಾರ ಅಂತ. ತಕ್ಕಡಿ ಈ ಕಡಿ ಸದ್ಗುಣ ಇಟ್ಟಿ. ಆ ಕಡಿ ಏನೈತಿ?”

“ಏನೂ ಇಲ್ಲ, ಸಾರ್.”

“ಹಂಗಾರ ಈ ಶಬ್ದ ಯಾಕ ಬೇಕಾತು?”

ಬಾಗಿಲ ಮರೆಯಿಂದ ಅವರ ಹೆಂಡತಿ ಗಂಗವ್ವ, “ಏನೋ ಮುಚ್ಚಿಟ್ಟಾನ” ಅಂದರು. ಆದರೂ ಕೀಲಿ ಸಿಕ್ಕಿತು.

ನಾನು ಹಾಸಿಗೆಗೆ ಸುತ್ತಿ ತಂದಿದ್ದ ಹೆಂಡತಿಯ ಸೀರೆಯನ್ನು ದಿನಾ ನೀರಲ್ಲಿ ಅದ್ದಿ ಹಗ್ಗಕ್ಕೆ ಹಾಕಿದೆ. ನಸುಕಿನಲ್ಲಿ ನಾನೇ ರಂಗೋಲಿ ಬಿಟ್ಟೆ; ಈಗಲೂ ಹೇಳುತ್ತೇನೆ, ಆ ಓಣಿಯಲ್ಲಿ ಅಂಥ ರಂಗೋಲಿ ಇರಲಿಲ್ಲ. ಗಂಗವ್ವ ನನ್ನ ಕಿಟಕಿಯತ್ತ ಇಣುಕುವರು, ನಾನು ಪರದೆಯ ಸಂದಿಯಿಂದ ಅವರತ್ತ ಇಣುಕುವೆ. ನಮ್ಮೂರಲ್ಲಿ ಅನುಮಾನವನ್ನು ನಗೆಯೊಳಗೆ ಮಡಚಿಡುತ್ತೇವೆ. ಇಲ್ಲಿ ಅದನ್ನು ಅಂಗಳದಲ್ಲಿ ಹಾಸಿ ಕೂರುತ್ತಾರೆ.

ಒಂಬತ್ತನೇ ದಿನ ಗಂಗವ್ವ ಅಡ್ಡ ನಿಂತೇಬಿಟ್ಟರು. “ಏನ್ರೀ, ನಿಮ್ಮನಿಯಾಗ ಒಂದ ದಿನಾನೂ ರೊಟ್ಟಿ ಬಡಿಯೂ ಸಪ್ಪಳ ಇಲ್ಲ?”

“ನಾವು ರಾಗಿಮುದ್ದೆ ತಿನ್ನೋರು, ಅಮ್ಮ. ಮುದ್ದೆ ಸದ್ದು ಮಾಡಲ್ಲ.”

“ಮುದ್ದಿ ಮಾಡಂಗಿಲ್ಲ, ಖರೇ. ಹೆಂಗಸೂ ಮಾಡಂಗಿಲ್ಲೇನು? ಬಳಿ ಸಪ್ಪಳಾನೂ ಇಲ್ಲ, ಕೆಮ್ಮೂ ಇಲ್ಲ. ಇರೂದೊಂದ ಸೀರಿ, ಉಟ್ಟ ಸುಕ್ಕೂ ಇಲ್ಲ!”

ಸಿಕ್ಕಿಬಿದ್ದೆ. ಮಾಸ್ತರರು ಅರ್ಜಿ ಹಿಡಿದು ಬಂದರು. “ಆ ಕಡಿ ಇಡೂದು ಈಗ ಸಿಕ್ತಲ್ಲ, ತಮ್ಮಾ. ಗಂಟು ಕಟ್ಟು.”

ಮೊದಲ ಸಲ ನನ್ನ ನಾಲಿಗೆ ತಮಾಷೆ ಮರೆತಿತ್ತು. ಹೊರಹಾಕಿದರೆ ಹೆಂಡತಿ ಕೂಸು ಎತ್ತಿಕೊಂಡು ರೈಲಿಳಿದು ಎಲ್ಲಿಗೆ ಹೋಗಬೇಕು ಎಂದೆ.

“ಕೂಸಿಗೆ ಎಷ್ಟು ದಿನಾತು?” ಗಂಗವ್ವ ಕೇಳಿದರು.

“ಮೂರು ತಿಂಗಳು.”

ಅವರು ಗಂಡನ ಕೈಯಿಂದ ಅರ್ಜಿ ಕಿತ್ತುಕೊಂಡರು. “ಇರ್ಲಿ ಬಿಡ್ರಿ. ಇವನ ಸುಳ್ಳಕಿಂತ ಕೂಸು ಭಾರ.”

“ಇದು ನೋಡು ಔಟ್‌ವೇ!” ಮಾಸ್ತರರು ನಕ್ಕರು. “ಆದ್ರ ನೆನಪಿಡು, ಹಗುರಾದ್ದು ತಕ್ಕಡಿ ಬಿಟ್ಟು ಹೋಗಂಗಿಲ್ಲ. ಅಲ್ಲೇ ಇರತೈತಿ.”

ಇತ್ತು ಕೂಡ. ಹೆಂಡತಿ ಬಂದ ದಿನ ಗಂಗವ್ವ ಅವಳ ಕೆನ್ನೆ ಚಿವುಟಿ, “ಖರೇನ ಅದಾಳ” ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬಿಟ್ಟರು. ಆಮೇಲೆ ರೊಟ್ಟಿ ಬಡಿಯುವುದನ್ನು ಅವರೇ ಕಲಿಸಿದರು.

ಮೈಸೂರು, ಹುಬ್ಬಳ್ಳಿ ಇವೆರಡರಲ್ಲಿ ಯಾವುದು ಭಾರ ಎಂದು ಮೈಸೂರಿನ ಗೆಳೆಯರಾದ ನೀವು ಕಾಗದ ಬರೆದು ಕೇಳುತ್ತೀರಿ. ನನಗೂ ಗೊತ್ತಿಲ್ಲ. ನಿಮ್ಮೂರಿಗೆ ಬಂದು ಅಕ್ಕನ ಮನೆಯಲ್ಲಿ ಮಲಗಿದರೆ ಬೆಳಗ್ಗೆ ಕಿವಿ ತಾನೇ ನಿಮಿರುತ್ತದೆ. ಸಪ್ಪಳವಿಲ್ಲ. ಮನೆಯಲ್ಲಿ ಯಾರೂ ಇಲ್ಲವೇನೋ ಎಂಬ ಅನುಮಾನ. ಎದ್ದು ಹೋಗಿ ಇಣುಕುತ್ತೇನೆ. ಅಕ್ಕ ಒಲೆಯ ಮುಂದೆ ನಿಂತು, ಸದ್ದಿಲ್ಲದೆ ಮುದ್ದೆ ತಿರುವುತ್ತಿರುತ್ತಾಳೆ.