ಈಶ್ವರಯ್ಯನವರ ಎಂಬತ್ತೆರಡು ಡಿಗ್ರಿ

ತೆಲುಗು ಸೀಮೆಯ ಗಾಜುವಾಕದಲ್ಲಿ ಯಾವ ಗ್ಯಾರೇಜಿಗೆ ಬೇಕಾದರೂ ಹೋಗಿ, ಹಳೆಯ ಗಾಡಿ ಬಿಸಿಯಾಗುತ್ತಿದೆ ಎನ್ನಿ. ಮೊದಲು ಥರ್ಮೋಸ್ಟಾಟ್ ಕಿತ್ತುಬಿಡುತ್ತಾರೆ. ಅದು ಚಳಿ ದೇಶದವರ ಸಾಮಾನು, ನಮ್ಮ ಬಿಸಿಲಿಗೆ ಯಾಕೆ ಎನ್ನುತ್ತಾರೆ. ಗುರು ಶಿಷ್ಯನಿಗೆ, ಆ ಶಿಷ್ಯ ತನ್ನ ಶಿಷ್ಯನಿಗೆ ಹೇಳಿಕೊಟ್ಟು ಬಂದ ಮಾತು. ಕಿತ್ತದ್ದನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಗಾಡಿಯಲ್ಲೇ ಇಡುತ್ತಾರೆ. ಕದ್ದಿಲ್ಲ ಎಂದು ತೋರಿಸುವುದು ಅಲ್ಲಿನ ಮರ್ಯಾದೆ. ಮಾಡಿದ್ದು ಸರಿಯೇ ಎಂದು ಕೇಳಿಕೊಳ್ಳುವ ಮರ್ಯಾದೆ ಯಾರಿಗೂ ಬೇಕಿಲ್ಲ.

ಈಶ್ವರಯ್ಯ ಕೇಳಿಕೊಳ್ಳುತ್ತಿದ್ದರು. ಸಿರುಗುಪ್ಪ ಕಡೆಯವರು. ಗಾಜುವಾಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಿದ್ದರು. ರೋಗಿಯನ್ನು ಹತ್ತಿಸಿಕೊಂಡ ಮೇಲೆ ದಾರಿಯಲ್ಲಿ ಒಮ್ಮೆಯೂ ನಿಂತವರಲ್ಲ. ಅವರಿಗಿದ್ದ ಹೆಮ್ಮೆ ಅದೊಂದೇ.

ಹೋದ ಬೇಸಿಗೆಗೆ ಮುಂಚೆ ಗಾಡಿ ಕುದಿಯತೊಡಗಿತು. ಬೋರ್‌ವೆಲ್ಲಿನ ಉಪ್ಪು ನೀರು ಕುಡಿದು ಕುಡಿದು ರೇಡಿಯೇಟರ್ ಕಟ್ಟಿಕೊಂಡಿತ್ತು, ಥರ್ಮೋಸ್ಟಾಟ್ ತುಕ್ಕು ಹಿಡಿದಿತ್ತು. ಈಶ್ವರಯ್ಯ ರೇಡಿಯೇಟರ್ ಬಿಚ್ಚಿಸಿ ತೊಳೆಸಿದರು, ಕೂಲಂಟ್ ಹಾಕಿಸಿದರು. ಬಿಡಿಭಾಗದ ಅಂಗಡಿಯವನು ಎಪ್ಪತ್ತೊಂದು ಡಿಗ್ರಿಯ ಥರ್ಮೋಸ್ಟಾಟ್ ಮುಂದಿಟ್ಟ. ಬೇಗ ತೆರೆದರೆ ಇಂಜಿನ್ನೂ ಬೇಗ ತಣ್ಣಗಾಗುತ್ತದೆ ಎಂಬುದು ಅವನ ಲೆಕ್ಕ. ರೇಡಿಯೇಟರ್ ಕಟ್ಟಿದ್ದರೆ ಬೇಗ ತೆರೆದು ಏನು ಮಾಡುತ್ತದೆ ಎಂದು ಇವರು ಕೇಳಿದರು. ಹಳೆಯದರ ಮೈಮೇಲೆ ಕೊರೆದಿದ್ದ ಎಂಬತ್ತೆರಡೇ ಬೇಕೆಂದು ಮೂರು ಅಂಗಡಿ ಸುತ್ತಿದರು. ತಂದದ್ದನ್ನು ಮನೆಯಲ್ಲಿ ದಾರ ಕಟ್ಟಿ ಸಾರಿನ ಪಾತ್ರೆಯ ನೀರಿಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕುಳಿತರು.

ಹೆಂಡತಿ ಗಂಗಾಭವಾನಿ ಅಲ್ಲಿಯವರೇ, ಕನ್ನಡ ಕಲಿತದ್ದು ಮದುವೆಯಾದ ಮೇಲೆ. “ಉಪ್ಪು ಎಷ್ಟು ಹಾಕ್ಲಂಡಿ?” ಎಂದರು.

ಅದು ಎಂಬತ್ತೆರಡಕ್ಕೆ ಸರಿಯಾಗಿ ಬಾಯಿ ತೆರೆಯಿತು. ಥರ್ಮೋಸ್ಟಾಟ್ ಎಂದರೆ ಇಂಜಿನ್ನಿನ ನೀರಿಗೆ ಇಟ್ಟ ಒಂದು ಬಾಗಿಲು. ನೀರು ಕಾದ ಮೇಲೆ ತೆರೆದು, ತಣ್ಣಗಾಗಲು ರೇಡಿಯೇಟರಿಗೆ ಬಿಡುತ್ತದೆ. ಈ ಗಾಡಿಯಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ತೆರೆಯುವಾಗಲೇ ಪಕ್ಕದ ಅಡ್ಡದಾರಿಯನ್ನು ಮುಚ್ಚಬೇಕು. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದಿರುತ್ತದೆ, ಬಿಸಿ ನೀರಿನಲ್ಲಿ ಅರ್ಧದಷ್ಟು ರೇಡಿಯೇಟರಿನ ಮುಖವನ್ನೇ ನೋಡದೆ ಇಂಜಿನ್ನಿಗೆ ವಾಪಸಾಗುತ್ತದೆ. ಊರೊಳಗೆ ಇದು ಗೊತ್ತಾಗುವುದಿಲ್ಲ, ಚಾಲಕನ ಮುಂದೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಣ್ಣಗೆ ಕೆಳಗೇ ಇರುತ್ತದೆ. ಗೊತ್ತಾಗುವುದು ಹೆದ್ದಾರಿಯಲ್ಲಿ.

ಮೇ ತಿಂಗಳಲ್ಲಿ ಗಂಗಾಭವಾನಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಈಶ್ವರಯ್ಯ ಮೂರು ದಿನ ರಜೆ ಹಾಕಿದರು. ಬದಲಿಗೆ ಬಂದ ಚಾಲಕ, ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ ಎಂದು ಹೆದರಿದ. ಅದು ನಿಲ್ಲಬೇಕಾದ್ದೇ ಅಲ್ಲಿ. ಆಸ್ಪತ್ರೆಯ ಮ್ಯಾನೇಜರ್ ಲಕ್ಷ್ಮೀಪ್ರಸನ್ನ ಈಶ್ವರಯ್ಯನವರಿಗೆ ಒಂದು ಫೋನೂ ಮಾಡಲಿಲ್ಲ, ಗಾಡಿಯನ್ನು ಮೆಕ್ಯಾನಿಕ್ ಫಣೀಂದ್ರನ ಶೆಡ್ಡಿಗೆ ಕಳಿಸಿದರು. ಫಣೀಂದ್ರ ತನ್ನ ಗುರು ಹೇಳಿಕೊಟ್ಟದ್ದನ್ನು ಮಾಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಈಶ್ವರಯ್ಯ ಕೆಲಸಕ್ಕೆ ಮರಳುತ್ತಿದ್ದಂತೆ ಜಲಜಾ ಎಂಬ ರೋಗಿಯನ್ನು ವಿಜಯವಾಡಕ್ಕೆ ಒಯ್ಯಬೇಕಾಗಿ ಬಂತು. ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ನರಸಿಂಹಮೂರ್ತಿಯವರ ಹೆಂಡತಿ. ಎರಡು ವರ್ಷದ ಹಿಂದೆ ವಿಜಯವಾಡದಲ್ಲೇ ಕಿಡ್ನಿ ಕಸಿಯಾಗಿತ್ತು. ಈಗ ಜ್ವರ ಏರಿ ಉಸಿರು ಕಟ್ಟುತ್ತಿತ್ತು. ಸಂಜೆಯೊಳಗೆ ತನ್ನಿ, ಎಲ್ಲ ಸಿದ್ಧವಾಗಿಟ್ಟಿರುತ್ತೇವೆ ಎಂದಿದ್ದರು ಅಲ್ಲಿಯ ವೈದ್ಯರು.

ಅನಕಾಪಲ್ಲಿ ತಲುಪಿದರೂ ಮುಳ್ಳು ಏಳಲಿಲ್ಲ. ಹತ್ತು ನಿಮಿಷದಲ್ಲಿ ನಡುವಿಗೆ ಬರಬೇಕಾದ ಮುಳ್ಳು. ಈಶ್ವರಯ್ಯ ಅದನ್ನು ಒಂದಲ್ಲ, ಮೂರು ಸಲ ನೋಡಿದರು. ಆಗಲೇ ಹಿಂದಿನಿಂದ ಜಲಜಾ, ಮಾಸ್ಕ್ ಸರಿಸಿ, “ಯಾವೂರಪ್ಪ ನಿಮ್ದು?” ಎಂದು ಕೇಳಿದರು. ಸಿರುಗುಪ್ಪ ಎಂದಾಗ, ಹಾಗಾದರೆ ನಮ್ಮ ಕಡೆಯವರೇ ಎಂದು ನಕ್ಕರು. ನಿಲ್ಲಿಸಿ ಬಾನೆಟ್ ಎತ್ತಿದರೆ ಹೊತ್ತಾಗುತ್ತದೆ, ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡರು ಈಶ್ವರಯ್ಯ. ಊರಿಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ.

ತುನಿ ದಾಟುವ ಹೊತ್ತಿಗೆ ಮುಳ್ಳು ನಡುವಿಗೆ ಬಂತು. ಅನ್ನವರಂ ಹತ್ತಿರದ ಏರಿನಲ್ಲಿ ಕೆಂಪಿಗೆ ಹೋಯಿತು. ಬಾನೆಟ್ಟಿನಿಂದ ಹಬೆ ಎದ್ದಿತು, ಇಂಜಿನ್ ಕಚ್ಚಿಕೊಂಡು ನಿಂತಿತು. ಬಿಸಿ ಮುಚ್ಚಳ ಬಿಚ್ಚಲು ಬಟ್ಟೆಗೆಂದು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದಾಗ ಪೇಪರಿನ ಪೊಟ್ಟಣ ಕೈಗೆ ಸಿಕ್ಕಿತು. ಒಳಗೆ ಅವರೇ ಪಾತ್ರೆಯಲ್ಲಿ ಕುದಿಸಿ ಪರೀಕ್ಷಿಸಿದ್ದ ಥರ್ಮೋಸ್ಟಾಟ್.

ಇನ್ನೊಂದು ಆಂಬುಲೆನ್ಸ್ ಬರಲು ಒಂದು ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತೆಲ್ಲ ಜೊತೆಗೆ ಬಂದಿದ್ದ ನರಸಿಂಹಮೂರ್ತಿ ಹೆಂಡತಿಗೆ ಫೈಲಿನಿಂದ ಗಾಳಿ ಬೀಸುತ್ತಿದ್ದರು. ಈಶ್ವರಯ್ಯ ರಸ್ತೆಯ ನಡುವೆ ನಿಂತು, ಬಂದ ಬಂದ ಗಾಡಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಜಲಜಾ ವಿಜಯವಾಡ ತಲುಪಿದರು, ಬೆಳಗಾಗುವುದರೊಳಗೆ ತೀರಿಕೊಂಡರು. ಎರಡು ಗಂಟೆ ಮೊದಲು ಬಂದಿದ್ದರೆ ಎಂದು ಶುರುಮಾಡಿದ ವೈದ್ಯರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರಂತೆ.

ಗಾಡಿಯನ್ನು ಎಳೆಸಿ ಕಳಿಸಿ, ಈಶ್ವರಯ್ಯ ಬಸ್ಸಿನಲ್ಲಿ ವಿಜಯವಾಡಕ್ಕೆ ಹೋದರು. ದಾರಿಯಲ್ಲೇ ಲಕ್ಷ್ಮೀಪ್ರಸನ್ನ ಅವರ ಫೋನು ಬಂತು. “ಪೈಪ್ ಇದ್ದಕ್ಕಿದ್ದಂಗೆ ಒಡೀತು ಅನ್ನಿ ಈಶ್ವರಯ್ಯಗಾರು. ಪೈಪಿಗೆ ಯಾರು ಹೊಣೆ? ನಿಮಗೂ ಒಳ್ಳೇದು.”

ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ನರಸಿಂಹಮೂರ್ತಿ ಕುಳಿತಿದ್ದರು. ಗಾಡಿಗೆ ಏನಾಗಿತ್ತು ಎಂದು ಕೇಳಿದರು. ಈಶ್ವರಯ್ಯ ಪೊಟ್ಟಣ ಬಿಚ್ಚಿ ತೋರಿಸಿ, ಯಾರು ಕಳಿಸಿದರು, ಯಾರು ಕಿತ್ತರು ಎಲ್ಲ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

“ಇನ್ನೊಂದೈತಿ ಸಾರ್. ಅನಕಾಪಲ್ಲಿಯಾಗ ಮುಳ್ಳು ಎದ್ದಿರ್ಲಿಲ್ಲ. ನಾ ನೋಡ್ದೆ. ನಿಲ್ಲಿಸ್ಲಿಲ್ಲ.”

ನರಸಿಂಹಮೂರ್ತಿ ಆ ಲೋಹದ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರು. “ಇದನ್ನ ಬರ್ದು ಕೊಡ್ತೀರಾ?” ಎಂದರು.

ತೆಲುಗು ಮಾತಾಡಲು ಬಂದರೂ ಬರೆಯಲು ಬಾರದ ಈಶ್ವರಯ್ಯ ಕನ್ನಡದಲ್ಲಿ ಒಂದು ಪುಟ ಬರೆದು, ಸಹಿ ಹಾಕಿದರು. ನರಸಿಂಹಮೂರ್ತಿ ಅದನ್ನು ದೂರಿಗೆ ಲಗತ್ತಿಸಿ, ಮ್ಯಾನೇಜರ್ ಗಾಡಿ ಕಳಿಸಿದ ಸಾಲಿನ ಕೆಳಗೆ ಗೆರೆ ಎಳೆದರು. ಗಾಜುವಾಕದ ಆಸ್ಪತ್ರೆಯ ವಕೀಲರು ಬೇರೆ ಸಾಲಿನ ಕೆಳಗೆ ಎಳೆದರು: ನಾನು ನೋಡಿದೆ, ನಿಲ್ಲಿಸಲಿಲ್ಲ. ಲಕ್ಷ್ಮೀಪ್ರಸನ್ನ ಏನನ್ನೂ ಬರೆದುಕೊಟ್ಟಿರಲಿಲ್ಲ. ಫಣೀಂದ್ರನ ಶೆಡ್ಡಿನಲ್ಲಿ ಬಿಲ್ ಪುಸ್ತಕವೇ ಇಲ್ಲ. ಕಾಗದದ ಮೇಲೆ ಇದ್ದ ತಪ್ಪಿತಸ್ಥರು ಈಶ್ವರಯ್ಯ ಒಬ್ಬರೇ. ಕೆಲಸ ಹೋಯಿತು, ಕೇಸು ನಡೆಯುತ್ತಿದೆ. ನಿಜ ಹೇಳಿದವನನ್ನು ಮೊದಲು ಹಿಡಿಯುವ ಈ ನ್ಯಾಯ ನಮಗೆಲ್ಲ ಎಷ್ಟು ಅನುಕೂಲ ನೋಡಿ, ಉಳಿದವರು ನೆಮ್ಮದಿಯಿಂದ ಊಟ ಮಾಡಬಹುದು.

ಗಂಗಾಭವಾನಿ ಆ ಪಾತ್ರೆಯಲ್ಲಿ ಈಗ ಸಾರು ಮಾಡುವುದಿಲ್ಲ. ಇಂಜಿನ್ ರಿಪೇರಿಯಾಗಿ ಗಾಡಿ ಮತ್ತೆ ಗಾಜುವಾಕದಲ್ಲಿ ಓಡುತ್ತಿದೆ. ಥರ್ಮೋಸ್ಟಾಟ್ ಹಾಕಿಲ್ಲ. ಮುಳ್ಳು ಕೆಳಗೇ ಇದೆ ಎಂದು ಹೊಸ ಚಾಲಕನಿಗೆ ಸಮಾಧಾನ.