ಗೋಧಿ ತಪ್ಪಿದರೆ ಜೋಳ

ಗೆಳತಿಯರೇ, ಇವತ್ತು ಮುದ್ದೇಬಿಹಾಳದಲ್ಲಿ ತೊಟ್ಟಿಲು ಕಾರ್ಯದ ಊಟ. ಎಲ್ಲರೂ ಹೋಳಿಗೆಗೆ ಕೂತಿದ್ದರು. ಆಟಿಸಂ ಇರುವ ನನ್ನ ಮಗನಿಗಾಗಿ ನಾನು ಮನೆಯ ಡಬ್ಬಿ ಬಿಚ್ಚುತ್ತಿದ್ದೆ. ಪಕ್ಕದಲ್ಲಿದ್ದ ಸೋದರತ್ತೆ ಶುರುಮಾಡಿದರು:

"ಗೋಧಿ ತಿಂದ್ರ ಹಿಂಗ ಆಗ್ತೈತಂತ, ಮೊಬೈಲ್‌ನ್ಯಾಗ ನೋಡೇನಿ. ಗೋಧಿ ಬಿಡಿಸಿ ಜ್ವಾಳ ಕೊಡವಾ."

"ಅತ್ತಿ, ಇವ ಜ್ವಾಳದ ರೊಟ್ಟಿ ಬಿಟ್ರ ಬ್ಯಾರೆ ಏನೂ ಮುಟ್ಟೂದ ಇಲ್ರಿ," ಎಂದು ಡಬ್ಬಿ ತೋರಿಸಿದೆ.

ಅತ್ತೆ ರೊಟ್ಟಿಯನ್ನೇ ದಿಟ್ಟಿಸಿದರು. "ಹಂಗಾರ ಇದು ಜ್ವಾಳದ್ದ ಕಾರಭಾರ!"

ಇದು ಊಟದಿಂದ ಬಂದದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೇಳಲು ಹೊರಟವಳು ಮಗನತ್ತ ತಿರುಗಿದೆ. ಅಷ್ಟರಲ್ಲಿ ಮಗ, ಗದ್ದಲ ತಾಳದೆ ಒಂದು ಕೈಯಿಂದ ಕಿವಿ ಮುಚ್ಚಿಕೊಂಡೇ, ಅರ್ಧ ರೊಟ್ಟಿ ತಿಂದಿದ್ದ. ಇಷ್ಟು ಜನರ ನಡುವೆ ಅವನು ಉಂಡದ್ದು ಇದೇ ಮೊದಲು.

ನಾನು ಏನು ತಿನ್ನಿಸಿದೆ ಎಂದು ಊರೆಲ್ಲ ವಿಚಾರಿಸುತ್ತದೆ. "ಹುಡುಗ ಉಂಡನೇನವಾ?" ಎಂದು ಕೇಳುವವರು ಮಾತ್ರ ಇನ್ನೂ ಸಿಕ್ಕಿಲ್ಲ.